ಬಾಗಲೂರಿನ ಆಕಾಶಕ್ಕೆ ಉಂಗುರದ ಗ್ರಹ

ಬಾಗಲೂರು ಕೆರೆ ಏರಿ, ಮೇಲೆ ಅನ್ಯಲೋಕದ ದೈತ್ಯ ಗ್ರಹ. ಚಿತ್ರ ಬರೀತೀರಾ? ಮೊದಲು ಅಳತೆ. ಚಂದ್ರನ ಜಾಗದಲ್ಲಿ ಶನಿ ಇದ್ದಿದ್ದರೆ, ಗ್ರಹದ ಬಿಂಬವೇ ಚಂದ್ರನಿಗಿಂತ ಸುಮಾರು 35 ಪಟ್ಟು ಅಗಲ ಕಾಣ್ತಿತ್ತು. ಕೈ ಚಾಚಿ ಮುಷ್ಟಿ ಹಿಡಿಯಿರಿ, ಅದು ಹತ್ತಿರ ಹತ್ತಿರ 10 ಡಿಗ್ರಿ. ಉಂಗುರಗಳು ಈ ತುದಿಯಿಂದ ಆ ತುದಿಗೆ ನಾಲ್ಕು ಮುಷ್ಟಿ!

ಈಗ ಬೆಳಕು. ಬಹಳಷ್ಟು ಚಿತ್ರಗಳು ಎಡವೋದು ಇಲ್ಲೇ. ಸೂರ್ಯ ಒಬ್ಬನೇ ಆದರೆ ಗ್ರಹಕ್ಕೂ ಉಪಗ್ರಹಗಳಿಗೂ ಬೆಳಕು ಒಂದೇ ಕಡೆಯಿಂದ ಬೀಳಬೇಕು. ಗ್ರಹದ ನೆರಳು ಉಂಗುರವನ್ನು ಕತ್ತರಿಸಬೇಕು, ಉಂಗುರದ ನೆರಳು ಗ್ರಹದ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳಬೇಕು. ಉಂಗುರದಲ್ಲೊಂದು ಸಂದು ಬಿಡಿ, ಒಳಗೊಂದು ಪುಟ್ಟ ಉಪಗ್ರಹ ಇಡಿ. ಶನಿಯ ‘ಪ್ಯಾನ್’ ಬರೀ 28 ಕಿ.ಮೀ. ಅಗಲ, ಉಂಗುರದೊಳಗೆ 325 ಕಿ.ಮೀ. ದಾರಿ ಗುಡಿಸಿಟ್ಟಿರೋದು ಅದೇ.

ಇನ್ನೂ ದೊಡ್ಡದು ಬೇಕಾ? 2007ರಲ್ಲಿ ದೂರದ ನಕ್ಷತ್ರವೊಂದು ವಾರಗಟ್ಟಲೆ ಮಂಕಾಯ್ತು. ಅಡ್ಡ ಬಂದದ್ದು ಶನಿಯ ಉಂಗುರಕ್ಕಿಂತ ಸುಮಾರು 200 ಪಟ್ಟು ದೊಡ್ಡ ಉಂಗುರಗಳ ‘ಜೆ1407ಬಿ’ ಎಂಬ ಆಕಾಶಕಾಯ ಅನ್ನೋದು ಕೆಲವು ಖಗೋಳಜ್ಞರ ಲೆಕ್ಕ. ಅದರ ರೂಪ ಕಂಡವರಿಲ್ಲ. ಬಣ್ಣ ಪೂರ್ತಿ ನಿಮ್ಮದು.

ಆದರೆ ಪೆನ್ಸಿಲ್ ಹಿಡಿಯೋ ಮುಂಚೆ ಒಮ್ಮೆ ಶನಿಯನ್ನೇ ನೋಡಿ. ಸಣ್ಣ ಟೆಲಿಸ್ಕೋಪ್ ಸಾಕು.