ದಯೆಗೆ ತಿಳಿವಳಿಕೆಯೂ ಬೇಕು

ದಯೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೊಡುವ ಕೈ. ಹಸಿದವರಿಗೆ ಅನ್ನ, ಕಷ್ಟದಲ್ಲಿರುವವರಿಗೆ ಹಣ. ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಯೆಯನ್ನು ಪವಿತ್ರಾತ್ಮರ ಫಲಗಳ ಸಾಲಿನಲ್ಲಿ ಎಣಿಸಿದ್ದಾರೆ. ಫಲ ಒಂದೇ ದಿನಕ್ಕೆ ಬರುವುದಿಲ್ಲ. ದಿನವೂ ನೀರೆರೆಯಬೇಕು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತು ನಾನು ಕಂಡುಕೊಂಡದ್ದೂ ಅದನ್ನೇ.

ದಯಾಳು ಸಮಾರಿಯದವನ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಇಬ್ಬರು ನೋಡಿಯೂ ದಾಟಿಹೋದರು. ಮೂರನೆಯವನು ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಆ ಕಾಲದ ಔಷಧ ಅದು. ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದು ರಾತ್ರಿಯಿಡೀ ನೋಡಿಕೊಂಡ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಕೂಲಿಯಾಳಿನ ಎರಡು ದಿನದ ಸಂಬಳ ಕೊಟ್ಟ. ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುವೆನೆಂದ. ನಿಲ್ಲುವುದು, ಸರಿಯಾದ ಔಷಧ ಹಚ್ಚುವುದು, ನೋಡಿಕೊಳ್ಳಬಲ್ಲವರಿಗೆ ಒಪ್ಪಿಸುವುದು, ಮತ್ತೆ ಬಂದು ವಿಚಾರಿಸುವುದು: ಈ ನಾಲ್ಕೂ ಸೇರಿದರೆ ದಯೆ. ನಾವು ಹೆಚ್ಚಾಗಿ ಮೊದಲನೆಯದಕ್ಕೇ ತೃಪ್ತರಾಗಿಬಿಡುತ್ತೇವೆ.

ನಮ್ಮ ಮಂಗಳೂರಿನಲ್ಲಿ ಇದಕ್ಕೆ ದೊಡ್ಡ ಸಾಕ್ಷಿಯಿದೆ. ಜರ್ಮನಿಯ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿರುವ ಆ ಸಂಸ್ಥೆ ಹುಟ್ಟಿದ್ದು ಒಂದು ಪುಟ್ಟ ಔಷಧಾಲಯದಿಂದ. ಬಂದವರಿಗೆ ಅಂದಿಗಷ್ಟೇ ಔಷಧ ಕೊಟ್ಟು ಕಳಿಸಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿ, ಕೊಲ್ಲಿಯಲ್ಲಿ, ನಮ್ಮ ಕೌಂಟರಿಗೆ ಬರುವ ಅನೇಕ ಕಾರ್ಮಿಕರಿಗೆ ಚೀಟಿಯ ಇಂಗ್ಲಿಷೂ ಬಾರದು, ಅರಬ್ಬಿಯೂ ಬಾರದು. ಹಿಂದೆ ಸಾಲು ಉದ್ದವಿದೆ ಎಂಬ ಸಂಕೋಚಕ್ಕೆ "ಗೊತ್ತಾಯ್ತು" ಎಂದು ತಲೆಯಾಡಿಸಿ ಹೊರಟುಬಿಡುತ್ತಾರೆ. ಅದಕ್ಕೇ ನಾನು, "ಅಣ್ಣಾ, ರೂಮಿಗೆ ಹೋಗಿ ಇದನ್ನು ಹೇಗೆ ತಗೊಳ್ತೀರಿ, ನಂಗೊಮ್ಮೆ ಹೇಳಿ" ಎನ್ನುತ್ತೇನೆ. ರಾಯಚೂರು ಕಡೆಯವರೊಬ್ಬರು, "ತಲೆನೋವು ಬಂದ ದಿನ ಬಿಪಿ ಗುಳಿಗೆ ತಗೋತೀನ್ರೀ" ಎಂದರು. ಬಿಪಿ ಏರಿದರೂ ನೋವು ಬರಲೇಬೇಕೆಂದಿಲ್ಲ, ಗುಳಿಗೆ ದಿನವೂ ಬೇಕು ಎಂದು ಹೇಳಿ, ಡಬ್ಬಿಯ ಮೇಲೆ ಒಂದು ಸೂರ್ಯನ ಚಿತ್ರ ಬರೆದುಕೊಟ್ಟೆ. ರಾತ್ರಿಯ ಗುಳಿಗೆಯಾದರೆ ಚಂದ್ರ. ಇದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ತಪ್ಪಿದರೆ ಊರಿನಲ್ಲಿ ಅವರನ್ನೇ ನಂಬಿರುವ ಒಂದು ಸಂಸಾರಕ್ಕೆ ಪೆಟ್ಟು.

ತಿಳಿಯದೆ ಮಾಡಿದ ದಯೆ ಅಪಾಯಕ್ಕೂ ದಾರಿಯಾಗುತ್ತದೆ. ರೂಮಿನ ಗೆಳೆಯನಿಗೆ ನಮ್ಮ ಗುಳಿಗೆ ಹಂಚುವುದು, ಉಳಿದ ಆ್ಯಂಟಿಬಯೋಟಿಕ್ ಕೊಡುವುದು ಇಂಥವು. ಇನ್ನು ಊರಿನಿಂದ ಬರುವಾಗ ಯಾರದೋ ಔಷಧದ ಪೊಟ್ಟಣ ತರುವುದಂತೂ ಬೇಡವೇ ಬೇಡ. ಟ್ರಮಡಾಲ್, ಕೋಡೀನ್, ಪ್ರಿಗ್ಯಾಬಲಿನ್‌ನಂಥ ಔಷಧಗಳ ಮೇಲೆ ಇಲ್ಲಿ ಬಿಗಿ ಕಾನೂನಿದೆ. ಉಪಕಾರಕ್ಕೆ ಹೋದವರು ಜೈಲು ಸೇರಬೇಕಾದೀತು. ನಿಮ್ಮದೇ ಔಷಧ ತರುವುದಾದರೂ ವೈದ್ಯರ ಚೀಟಿ ಜೊತೆಗಿರಲಿ, ಔಷಧ ಮೂಲ ಪೊಟ್ಟಣದಲ್ಲೇ ಇರಲಿ. ಈ ದೇಶದ ನಿಯಮವನ್ನೂ ಅನುಮತಿಯನ್ನೂ ಹೊರಡುವ ಮೊದಲೇ ವಿಚಾರಿಸಿ. ಬೇರೆಯವರಿಗೆ ಮೆಲ್ಲನೆ "ಆಗುವುದಿಲ್ಲ" ಎನ್ನುವುದೂ ದಯೆಯೇ.

ಹಾಗೆಂದು ಅಲ್ಲಿಗೇ ಕೈ ತೊಳೆದುಕೊಳ್ಳಬಾರದು. ರಜೆಯ ದಿನ ಅವರ ಜೊತೆ ಕ್ಲಿನಿಕ್ಕಿಗೆ ಹೋಗಬಹುದು, ವೈದ್ಯರ ಮಾತನ್ನು ಅವರ ಭಾಷೆಯಲ್ಲಿ ತಿಳಿಸಬಹುದು. ರಂಜಾನ್ ಉಪವಾಸ ಹಿಡಿಯುವ ಸಕ್ಕರೆ ಕಾಯಿಲೆಯ ಸಹೋದ್ಯೋಗಿಗೆ, ಇನ್ಸುಲಿನ್ ಹೊತ್ತು ಮತ್ತು ಪ್ರಮಾಣದ ಬಗ್ಗೆ ಮೊದಲೇ ವೈದ್ಯರನ್ನು ಕೇಳಲು ನೆನಪಿಸಬಹುದು. ಇದಕ್ಕೆ ಫಾರ್ಮಸಿ ಓದಿರಬೇಕಾಗಿಲ್ಲ.

ಸಮಾರಿಯದವನ ಕಥೆ ಹೇಳಿ ಮುಗಿಸಿದ ಯೇಸುಸ್ವಾಮಿ, ಕೇಳಿದವನಿಗೆ ಹೋಗಿ ತಾನೂ ಹಾಗೆಯೇ ಮಾಡುವಂತೆ ತಿಳಿಸಿದರು. ನಮ್ಮ ಕಟ್ಟಡದ ವಾಚ್‌ಮನ್, ಮನೆಗೆಲಸಕ್ಕೆ ಬರುವ ಅಕ್ಕ, ಪಕ್ಕದ ರೂಮಿನ ಹುಡುಗ ಕಳೆದ ವಾರ ಹುಷಾರಿಲ್ಲ ಎಂದಿದ್ದರೆ, ಇವತ್ತು ಹೇಗಿದ್ದಾರೆಂದು ಹೋಗಿ ಕೇಳೋಣ.