ಕಚೇರಿಯ ಲ್ಯಾಪ್‌ಟಾಪು ಮನೆಗೆ ಬಂದಾಗ

ಕಚೇರಿಯ ಕೆಲಸವನ್ನು ಮನೆಗೆ ತರುವುದು ಈಗ ಸಾಮಾನ್ಯವಾದ ಸಂಗತಿಯಾಗಿದೆ. ಹಿಂದೆ ಕಾಗದದ ಕಟ್ಟು ಬರುತ್ತಿದ್ದಿತು. ಈಗ ಲ್ಯಾಪ್‌ಟಾಪು ಬರುತ್ತದೆ. ಕಾಗದದ ಕಟ್ಟನ್ನು ಯಾರು ಬೇಕಾದರೂ ಬಿಚ್ಚಬಹುದಾಗಿತ್ತು. ಈ ಯಂತ್ರವಾದರೋ, ಕೆಲವು ವೇಳೆ ತನ್ನ ಯಜಮಾನನನ್ನೇ ಬಾಗಿಲಲ್ಲಿ ನಿಲ್ಲಿಸಿಬಿಡುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ವಾಚಕರಿಗೆ ತಿಳಿಸಿದರೆ ಕೆಲವರಿಗಾದರೂ ಉಪಯೋಗವಾದೀತೆಂದು ನಮ್ಮ ಮನೆಯಲ್ಲಿ ನಡೆದುದನ್ನು ಬರೆಯುತ್ತೇವೆ.

ನಮ್ಮ ಸೋದರಳಿಯನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವನು. ಗೌರಿಹಬ್ಬಕ್ಕೆಂದು ಮಲೆನಾಡಿನ ನಮ್ಮ ಮನೆಗೆ ಹೊರಟ ಸಂಜೆಯೇ ಅವನ ಹಳೆಯ ಲ್ಯಾಪ್‌ಟಾಪನ್ನು ಹಿಂದಕ್ಕೆ ಪಡೆದು ಹೊಸದನ್ನು ಕೊಟ್ಟರು. ಹಾಜರಿಯ ಲೆಕ್ಕವನ್ನೆಲ್ಲ ಅದರಲ್ಲಿಯೇ ತುಂಬಿಸಿದ್ದರು. ಹಬ್ಬಕ್ಕೆ ಮುಂಚೆ ಕೂಲಿಯವರ ಬಟವಾಡೆಯ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ಅವನದು. ಅವನು ಯಂತ್ರವನ್ನು ತೆರೆದೂ ನೋಡದೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದನು.

ಮಾರನೆಯ ದಿನ ನಮ್ಮ ಜಗಲಿಯಲ್ಲಿ ಕುಳಿತು ಹೆಸರನ್ನೂ ಪಾಸ್‌ವರ್ಡನ್ನೂ ಬರೆದರೆ, ಯಂತ್ರವು ಒಳಗೆ ಬಿಡಲೊಲ್ಲದು. ಮೂರು ನಾಲ್ಕು ಬಾರಿ ಯತ್ನಿಸಿ, “ಮಾವ, ಆರು ವರ್ಷದಿಂದ ಅಲ್ಲಿ ದುಡಿಯುತ್ತಿದ್ದೇನೆ, ಇದಕ್ಕೆ ನಾನು ಯಾರೆಂದೇ ಗೊತ್ತಿಲ್ಲವಂತೆ!” ಎಂದನು. ನಮ್ಮ ಮನೆಯ ಇಂಟರ್ನೆಟ್ಟಿಗೆ ಜೋಡಿಸಿದರೂ ಫಲವಾಗಲಿಲ್ಲ.

ಇದರ ಮರ್ಮವು ಹೀಗಿದೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ನೌಕರರ ಹೆಸರುಗಳು ಸಾಮಾನ್ಯವಾಗಿ ಇರುವುದಿಲ್ಲ. ಹಿಂದಿನ ಕಾಲದಲ್ಲಿ ಊರಿನ ಹಿಡುವಳಿಯ ವಿವರವೆಲ್ಲ ಶಾನುಭೋಗರ ಕಡತದಲ್ಲಿ ಇದ್ದಂತೆ, ಎಲ್ಲರ ಹೆಸರೂ ಕಚೇರಿಯೊಳಗಿನ ಸರ್ವರೊಂದರಲ್ಲಿ ಇರುತ್ತದೆ. ಅನೇಕ ಕಚೇರಿಗಳು ಇದಕ್ಕಾಗಿ ವಿಂಡೋಸ್ 2000ದೊಡನೆ ಬಂದ ಆಕ್ಟಿವ್ ಡೈರೆಕ್ಟರಿ ಎಂಬ ವ್ಯವಸ್ಥೆಯನ್ನು ಬಳಸುತ್ತವೆ. ಆ ಸರ್ವರು ಬಹುಮಟ್ಟಿಗೆ ಕಚೇರಿಯ ಆವರಣದೊಳಗಿನ ಜಾಲಕ್ಕೆ ಮಾತ್ರ ಸಿಕ್ಕುವುದರಿಂದ, ಮನೆಯ ಇಂಟರ್ನೆಟ್ಟು ಇದ್ದ ಮಾತ್ರಕ್ಕೆ ಅದು ದೊರೆಯದು. ಹೊರಗಿನಿಂದ ಕಚೇರಿಯ ಜಾಲವನ್ನು ಸೇರಿಸುವ ವಿಪಿಎನ್ ಎಂಬ ದಾರಿಯುಂಟು. ಆದರೆ ಅದನ್ನು ತೆರೆಯಲು ಹಲವು ಯಂತ್ರಗಳಲ್ಲಿ ಮೊದಲು ಒಳಗೆ ಪ್ರವೇಶಿಸಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ!

ಹಾಗಾದರೆ ಹಳೆಯ ಲ್ಯಾಪ್‌ಟಾಪು ಊರಿನಲ್ಲಿ ಹೇಗೆ ತೆರೆಯುತ್ತಿತ್ತು? ಒಬ್ಬನು ಕಚೇರಿಯ ಜಾಲದಲ್ಲಿ ಒಮ್ಮೆ ಪ್ರವೇಶಿಸಿದರೆ, ಯಂತ್ರವು ಅವನ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಪಾಸ್‌ವರ್ಡನ್ನೇ ಬರೆದಿಡದೆ, ಅದನ್ನು ತಾಳೆ ನೋಡಲು ಸಾಕಾಗುವ ಒಂದು ಗುರುತನ್ನು ಮಾತ್ರ ಇಡುತ್ತದೆ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಇಂತಹ 10 ಮಂದಿಯ ನೆನಪು ಉಳಿಯುತ್ತದೆ. ಹನ್ನೊಂದನೆಯವನು ಬಂದರೆ ಎಲ್ಲಕ್ಕಿಂತ ಹಳೆಯದು ಅಳಿಯುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಈ ನೆನಪನ್ನು ಕಚೇರಿಯವರೇ ಏರ್ಪಡಿಸಬೇಕಾಗುವುದುಂಟು. ಒಂದು ಯಂತ್ರದ ನೆನಪು ಇನ್ನೊಂದಕ್ಕೆ ಬಾರದು. ಹೊಸ ಲ್ಯಾಪ್‌ಟಾಪು ನಮ್ಮ ಹುಡುಗನನ್ನು ಎಂದೂ ಕಂಡಿರಲಿಲ್ಲ.

ಇಷ್ಟು ಬಿಗಿಯೇಕೆಂದು ಬೇಸರಪಡಬಾರದು. ಯಂತ್ರವು ಕಳುವಾದರೆ ಕಂಡಕಂಡವರು ಅದನ್ನು ತೆರೆಯದಂತೆ ಕಾಯುವುದೂ ಇದೇ ಏರ್ಪಾಡು.

ಹುಡುಗನು ಹಬ್ಬದೂಟವನ್ನು ಬಿಟ್ಟು ಆ ರಾತ್ರಿಯ ಬಸ್ಸಿಗೇ ಹಿಂದಿರುಗಿದನು. ಕಚೇರಿಯಲ್ಲಿ ತಂತಿ ಸಿಕ್ಕಿಸಿದೊಡನೆ ಯಂತ್ರವು ತೆರೆಯಿತು. ಆದರೆ ಬಟವಾಡೆಯು ಹಬ್ಬ ಕಳೆದ ಮೇಲೆ ಆಯಿತು. ಕೂಲಿಯವರಲ್ಲಿ ಕೆಲವರು ಕೈಗಡ ಮಾಡಿ ಹಬ್ಬ ಆಚರಿಸಿದರೆಂದು ಕೇಳಿ ನಮಗೂ ವ್ಯಥೆಯಾಯಿತು. ತಪ್ಪು ಐದು ನಿಮಿಷದ್ದು. ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಆದಕಾರಣ, ಮನೆಯಲ್ಲಿ ಇಂತಹ ಕೆಲಸ ಮಾಡುವವರಿದ್ದರೆ ಮೂರು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು. ಹೊಸ ಯಂತ್ರವನ್ನು ಕಚೇರಿಯಲ್ಲಿಯೇ ಒಮ್ಮೆ ತೆರೆದು ತರಬೇಕು. ಪಾಸ್‌ವರ್ಡನ್ನು ಬೇರೆಡೆಯಲ್ಲಿ ಬದಲಿಸಿದ್ದರೆ, ಕಚೇರಿಯ ಜಾಲವನ್ನು ಮುಟ್ಟುವ ತನಕ ಯಂತ್ರಕ್ಕೆ ಹಳೆಯ ಪಾಸ್‌ವರ್ಡೇ ಗೊತ್ತೆಂದು ತಿಳಿಯಬೇಕು. ಹೊರಡುವ ಮುನ್ನ ಜಾಲದಿಂದ ಬಿಡಿಸಿ, ಯಂತ್ರವನ್ನು ಆರಿಸಿ, ಮತ್ತೆ ತೆರೆದು ಪರೀಕ್ಷಿಸಬೇಕು.

ಹೊಸ ಊರಿಗೆ ಹೋಗುವವನು ಪರಿಚಯದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವುದು ನಮ್ಮ ಹಿರಿಯರ ಪದ್ಧತಿ. ಯಂತ್ರದ ವಿಷಯದಲ್ಲಿಯೂ ಆ ಪದ್ಧತಿಯೇ ಲೇಸು.