ದಿನದ ಖರ್ಚಿಗೆ ದಾರಿ ತೋರಿದ ಮುಖಂಡ

ಪ್ರತಿ ವರ್ಷ ಕೊಯ್ಲು ಮುಗಿಯುತ್ತಲೇ ನಮ್ಮ ತೋಟಗಳಿಗೆ ಬಯಲುಸೀಮೆಯಿಂದ ಗೊಬ್ಬರದ ಲಾರಿಗಳು ಬರತೊಡಗುತ್ತವೆ. ಹಿಂದೆ ನಮ್ಮ ಕೊಟ್ಟಿಗೆಗಳಲ್ಲೇ ಆಗುತ್ತಿದ್ದ ಗೊಬ್ಬರವನ್ನು ಈಗ ದುಡ್ಡು ತೆತ್ತು ತರಿಸಿಕೊಳ್ಳುವ ಸ್ಥಿತಿಗೆ ಬಂದಿದ್ದೇವೆ. ಈ ಗೊಬ್ಬರದ ವಿಚಾರವಾಗಿಯೇ ನಾವು ಒಮ್ಮೆ ಕೋಲಾರ ಜಿಲ್ಲೆಗೆ ಹೋಗಿ, ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಒಂದು ಬೆಳಗು ಕಳೆಯಬೇಕಾಯಿತು. ಅಲ್ಲಿ ಕಂಡದ್ದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಊರಿನ ಹೆಸರಿನಲ್ಲಿ 'ಸಮುದ್ರ'ವಿದ್ದರೂ ಅದು ಕೆರೆಯ ಹೆಸರು. ಸುತ್ತಲೂ ಬಂಡೆಗುಡ್ಡ, ಒಣ ಹೊಲ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಕೋಲಾರ ಜಿಲ್ಲೆಗಿಲ್ಲ. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ಇಂಥ ಊರಿನಲ್ಲಿ ಬೆಳಕು ಹರಿಯುವ ಮುನ್ನವೇ ಜನ ಸಾಲಾಗಿ ನಿಂತದ್ದನ್ನು ಕಂಡೆವು. ಕೈಯಲ್ಲಿ ಹಾಲಿನ ಕ್ಯಾನು, ಸೊಂಟದಲ್ಲಿ ಸಿಕ್ಕಿಸಿದ ಪಾಸ್‌ಪುಸ್ತಕ. ಹೆಚ್ಚಿನವರು ಹೆಣ್ಣುಮಕ್ಕಳು. ಹಾಲನ್ನು ಅಳೆದು, ಜಿಡ್ಡಿನ ಅಂಶ ಪರೀಕ್ಷಿಸಿ, ಲೆಕ್ಕ ಬರೆದು ಕಳಿಸುವುದಕ್ಕೆ ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಸಾಕಾಗುತ್ತಿತ್ತು. "ಮಳೆ ಕೈಕೊಟ್ಟರೂ ಅಂಗಡಿ ಸಾಲ ನಿಲ್ಲಬಾರದಲ್ಲ, ಅದಕ್ಕೆ ಈ ಹಾಲು" ಎಂದು ಸಾಲಿನಲ್ಲಿದ್ದ ಹಿರಿಯರೊಬ್ಬರು ಹೇಳಿದರು. ಈ ಹಾಲು ನಿಮ್ಮೂರಿಗೆ ಹೇಗೆ ಬಂತೆಂದು ಕೇಳಿದಾಗ ಅವರ ಬಾಯಿಂದ ಬಂದ ಹೆಸರು ಎಂ. ವಿ. ಕೃಷ್ಣಪ್ಪ.

ನಮ್ಮ ಕಿರಿಯ ಸದಸ್ಯರಿಗೆ ಈ ಹೆಸರು ಹೊಸದಿರಬಹುದು. ಕೃಷ್ಣಪ್ಪನವರು 1952ರ ಮೊದಲನೆಯ ಲೋಕಸಭೆಗೆ ಕೋಲಾರದಿಂದ ಆರಿಸಿ ಹೋದವರು. ನೆಹರೂ ಅವರ ಸರ್ಕಾರದಲ್ಲಿ ಆಹಾರ ಮತ್ತು ಕೃಷಿ ಖಾತೆಯ ಉಪಮಂತ್ರಿಯಾಗಿದ್ದರು. ಆಮೇಲೆ ಮೈಸೂರು ರಾಜ್ಯದ ಮಂತ್ರಿಮಂಡಲದಲ್ಲಿಯೂ ಕೆಲಸ ಮಾಡಿ, 1971ರಲ್ಲಿ ಹೊಸಕೋಟೆಯಿಂದ, 1977ರಲ್ಲಿ ಚಿಕ್ಕಬಳ್ಳಾಪುರದಿಂದ ಮತ್ತೆ ಲೋಕಸಭೆಗೆ ಹೋದರು. ಇಷ್ಟೆಲ್ಲ ಅಧಿಕಾರ ಕಂಡವರು ನಮ್ಮ ನಾಡಿನಲ್ಲಿ ಹಲವರಿದ್ದಾರೆ. ಆದರೆ ಕೋಲಾರದ ರೈತನಿಗೆ ನೆನಪಿರುವುದು ಅವರ ಪದವಿಯಲ್ಲ. ಡೆನ್ಮಾರ್ಕಿನಿಂದ ಸೀಮೆಹಸು ತರಿಸಿ ಬರದ ಜಿಲ್ಲೆಗೆ ಹಾಲಿನ ದಾರಿ ತೋರಿಸಿದವರು ಎಂದೇ ಅಲ್ಲಿನ ಹಿರಿಯರು ಅವರನ್ನು ನೆನೆಯುತ್ತಾರೆ. ಕೋಲಾರದ ಹೊಸ ಡೇರಿಗೆ ಅವರ ಹೆಸರಿನ ಮೊದಲಕ್ಷರಗಳನ್ನೇ ಇಟ್ಟು ಎಂ.ವಿ.ಕೆ. ಗೋಲ್ಡನ್ ಡೇರಿ ಎಂದು ಕರೆದಿದ್ದಾರೆ.

ಸೀಮೆಹಸು ಬಂದುದರಿಂದ ಆದ ವ್ಯತ್ಯಾಸವೇನು? ಆ ಸೀಮೆಯ ಹಳ್ಳಿಕಾರ್ ತಳಿ ಗೇಯ್ಮೆಗೆ ಹೆಸರಾದದ್ದು. ಎತ್ತಿಗೆ ಅದು ಶ್ರೇಷ್ಠ. ಹಾಲು ಮಾತ್ರ ಕರುವಿಗೆ ಬಿಟ್ಟು ಉಳಿದರೆ ಮನೆಗೆ ಸಾಕಾಗುವಷ್ಟು, ದಿನಕ್ಕೆ ಒಂದೆರಡು ಲೀಟರು. ನಾಟಿ ಹಸುವಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕ ಗರ್ಭಧಾರಣೆಯಿಂದ ಕೊಡಿಸಿದರೆ ಹುಟ್ಟುವ ಮಿಶ್ರತಳಿ ಕಡಸು, ಮೇವು ನೀರು ಚೆನ್ನಾಗಿದ್ದಲ್ಲಿ, ದಿನಕ್ಕೆ ಎಂಟು ಹತ್ತು ಲೀಟರು ಕರೆಯುತ್ತದೆ. ಹಾಗೆಂದು ವಿದೇಶಿ ರಕ್ತ ಹೆಚ್ಚಿದಷ್ಟೂ ಲಾಭವೆಂದು ತಿಳಿಯಬಾರದು. ನಮ್ಮ ಸೆಕೆಗೆ ಅರ್ಧದಷ್ಟು, ಹೆಚ್ಚೆಂದರೆ ಶೇಕಡಾ 60ರ ಆಸುಪಾಸು ಇದ್ದರೆ ಸಾಕೆಂಬುದು ತಜ್ಞರ ಸಲಹೆ.

ಆದರೆ ಹಸು ಒಂದೇ ಇದ್ದರೆ ಸಾಲದು. ಕರೆದ ಹಾಲಿಗೆ ದಿನವೂ ಕೊಳ್ಳುವವರಿರಬೇಕು. ಅಡಿಕೆಯನ್ನು ಗೋದಾಮಿನಲ್ಲಿಟ್ಟು ಬೆಲೆ ಬರುವವರೆಗೆ ಕಾಯಬಹುದು; ಹಾಲು ನಾಲ್ಕು ಗಂಟೆ ಕಾಯುವುದಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಕಟ್ಟಿಕೊಂಡ ಒಕ್ಕೂಟ ಈ ತೊಡಕಿಗೆ ದಾರಿ ಕಂಡುಹಿಡಿಯಿತು: ಊರಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ದಿನಕ್ಕೆ ಎರಡು ಹೊತ್ತು ಸಂಗ್ರಹ. 1970ರ ದಶಕದ ನಡುವಿನಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಇದೇ ಪದ್ಧತಿ ದಕ್ಷಿಣ ಕರ್ನಾಟಕಕ್ಕೆ ಬಂತು. 1987ರಲ್ಲಿ ಕೋಲಾರಕ್ಕೆ ಬೆಂಗಳೂರಿನಿಂದ ಬೇರೆಯಾದ ಸ್ವಂತ ಒಕ್ಕೂಟವಾಯಿತು. ಒಬ್ಬರು ತೋರಿಸಿದ ದಾರಿ ಹೆದ್ದಾರಿಯಾದದ್ದು ಸಾವಿರಾರು ಜನ ಸಂಘದ ಬಾಗಿಲಿಗೆ ಕ್ಯಾನು ತಂದದ್ದರಿಂದ.

ಇನ್ನು ಮನೆಯ ಮಾತು. ಮುಖಂಡನಾದವನು ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಹಾಸ್ಯ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಸಭೆ ಸಮಾರಂಭಗಳಲ್ಲಿ ಆಯುಷ್ಯ ಕಳೆದ ನಾವೂ ಆ ಮಾತನ್ನು ಮನೆಯವರಿಂದ ಕೇಳಿಸಿಕೊಂಡವರೇ. ದೇವರಾಯಸಮುದ್ರದ ಆ ಸಾಲನ್ನು ನೋಡಿದ ಮೇಲೆ ಈ ಎರಡು ಕೆಲಸ ಬೇರೆ ಬೇರೆಯಲ್ಲ ಎನ್ನಿಸಿತು. ಮನೆಯ ಯಜಮಾನ ಮಾಡಬೇಕಾದದ್ದೇನು? ಮಕ್ಕಳ ಶಾಲೆಗೆ, ಕಾಯಿಲೆಗೆ, ಉಪ್ಪು ಎಣ್ಣೆಗೆ ಅಂಗೈ ಚಾಚದಂತೆ ನೋಡಿಕೊಳ್ಳುವುದು. ರೈತ ಮುಖಂಡ ಮಾಡಬೇಕಾದದ್ದೂ ಅದೇ, ಸಾವಿರ ಮನೆಗಳಿಗೆ. ವಾರಕ್ಕೋ ಹದಿನೈದು ದಿನಕ್ಕೋ ಬರುವ ಬಟವಾಡೆ ದೊಡ್ಡ ಮೊತ್ತವಲ್ಲ. ಆದರೆ ಅದು ಹೆಚ್ಚಾಗಿ ಮನೆಯ ಹೆಂಗಸಿನ ಕೈಗೆ ಬರುತ್ತದೆ, ತಪ್ಪದೆ ಬರುತ್ತದೆ. ವರ್ಷಕ್ಕೊಮ್ಮೆ ಕಾಫಿ, ಅಡಿಕೆ ಹಣ ಕಂಡು ಉಳಿದ ತಿಂಗಳು ಸಾಲದ ಪುಸ್ತಕ ನೋಡುವ ನಮಗೆ ಇದರ ಬೆಲೆ ತಿಳಿಯಬೇಕು.

ಎಲ್ಲವೂ ಸರಿಯಿದೆಯೆಂದರೆ ಸುಳ್ಳಾಗುತ್ತದೆ. ಕರೆಯುವ ಸೀಮೆಹಸುವಿಗೆ ದಿನಕ್ಕೆ 25-30 ಕಿಲೋ ಹಸಿಮೇವು, 60 ಲೀಟರಿಗೂ ಮೇಲ್ಪಟ್ಟು ನೀರು ಬೇಕು. ಕೆರೆಗಳು ಹೂಳು ತುಂಬಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಜಿಲ್ಲೆಯಲ್ಲಿ ಈ ನೀರು ಎಲ್ಲಿಂದ ಬರಬೇಕು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿತೆಂಬ ಸಂತೋಷದ ಜೊತೆಗೆ ನೀರಿನ ಶುದ್ಧಿಯ ಬಗ್ಗೆ ಆತಂಕವೂ ಇದೆ. ಹಾಲಿನ ದಾರಿ ಉಳಿಯಬೇಕಾದರೆ ಕೆರೆಯೂ ಉಳಿಯಬೇಕು. ಅದು ಈ ತಲೆಮಾರಿನ ಮುಖಂಡರ ಪಾಲಿನ ಕೆಲಸ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಉತ್ಸಾಹದಿಂದ ಎರಡು ಮಿಶ್ರತಳಿ ಹಸು ತಂದು ಕಟ್ಟಿದೆವು. ಒಂದು ಗುಂಟೆಯಲ್ಲೂ ಮೇವಿನ ಹುಲ್ಲು ಹಾಕಿರಲಿಲ್ಲ. ಒಂದೂವರೆ ವರ್ಷದಲ್ಲಿ ಎರಡನ್ನೂ ಕೊಟ್ಟುಬಿಟ್ಟೆವು. ಹಸು ತರುವ ಮೊದಲು ತೋಟದ ಅಂಚಿನಲ್ಲಿ ಹುಲ್ಲು ಬೆಳೆಸಿರಿ, ಹತ್ತಿರದಲ್ಲಿ ಹಾಲಿನ ಸಂಘವಿದೆಯೇ ನೋಡಿರಿ, ದಿನವೂ ಎರಡು ಹೊತ್ತು ಕೊಟ್ಟಿಗೆಗೆ ಇಳಿಯುವವರು ಮನೆಯಲ್ಲಿದ್ದಾರೆಯೇ ಕೇಳಿಕೊಳ್ಳಿರಿ. ಮೂರಕ್ಕೂ ಉತ್ತರ ಹೌದೆಂದಾದರೆ ಒಂದು ಹಸುವಿನಿಂದ ಆರಂಭಿಸಿರಿ. ಹಾಲಿನಲ್ಲಿ ಲಾಭ ಕಡಮೆಯಾದರೂ ತೋಟಕ್ಕೆ ಗೊಬ್ಬರ ಉಳಿಯುತ್ತದೆ.

ಅಡಿಕೆಯ ಬೆಲೆ ನೆಲಕಚ್ಚಿದ ಸಂಕಟದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿದ್ದನ್ನು ನಾವೆಲ್ಲ ಬಲ್ಲೆವು. ಅದೂ ಇದೇ ಜಾತಿಯ ಕೆಲಸ. ಮುಖಂಡರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಕಿಲೋವಿಗೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆಂದು ಹೊರಗಿನ ವ್ಯಾಪಾರಿಗೆ ಮಾಲು ಹಾಕಿ, ಬೆಲೆ ಕುಸಿದಾಗ ಮಾತ್ರ ಸಂಘದ ಬಾಗಿಲು ತಟ್ಟುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದೇವರಾಯಸಮುದ್ರದ ಹೆಣ್ಣುಮಕ್ಕಳು ಮಳೆ ಚಳಿ ಎನ್ನದೆ ಎರಡು ಹೊತ್ತೂ ತಮ್ಮ ಸಂಘಕ್ಕೇ ಹಾಲು ಹಾಕುತ್ತಾರೆ. ಮುಂದಿನ ಹಂಗಾಮಿನಲ್ಲಿ ಮೂಟೆ ಕಟ್ಟುವಾಗ ಸದಸ್ಯರು ಆ ಸಾಲನ್ನು ಒಮ್ಮೆ ನೆನೆಯಬೇಕೆಂದು ಕೋರುತ್ತೇವೆ.